ಆನೆ ರೂಪಾಯಿಯ ಸವಾಲು

ಹಳೆಯ ನಾಣ್ಯಗಳ ವ್ಯಾಪಾರಿ ಮಡಿವಾಳಪ್ಪ ಅಂದು ಅಗರಖೇಡದ ಬಸ್ಸು ಹತ್ತಿದ್ದು ಇಂಡಿಯ ಚಹಾದಂಗಡಿಯಲ್ಲಿ ಕಿವಿಗೆ ಬಿದ್ದ ಒಂದು ಮಾತಿಗಾಗಿ. ಆ ಊರ ಅಮೋಘಸಿದ್ಧನ ಗುಡಿಯಲ್ಲಿ ಹರಕೆಯ ಸಾಮಾನು ಸವಾಲಿಗೆ, ಹರಾಜಿಗೆ, ಇಡುತ್ತಾರೆ, ಈ ಸಲ ಒಂದು ಹಳೆಯ ಬೆಳ್ಳಿ ರೂಪಾಯಿಯೂ ಇದೆ ಎಂದು ಯಾರೋ ಅನ್ನುತ್ತಿದ್ದರು.

ಎಪ್ಪತ್ನಾಲ್ಕರ ಚಳಿಗಾಲವದು. ಸಿಂದಗಿ, ಇಂಡಿ, ಮುದ್ದೇಬಿಹಾಳ ಎಂದು ಹೆಗಲಿಗೆ ಚೀಲ ಹಾಕಿಕೊಂಡು ತಿರುಗಿ ಅವನಿಗೆ ಸಾಕಾಗಿತ್ತು. ತನ್ನೂರು ಬಾಗೇವಾಡಿಯ ಬಸ್ ನಿಲ್ದಾಣದ ಬಳಿ ಒಂದು ಸಣ್ಣ ಅಂಗಡಿ ಬಾಡಿಗೆಗಿತ್ತು. ಒಂದು ಒಳ್ಳೆಯ ನಾಣ್ಯ ಸಿಕ್ಕರೆ ಮಾರಿ, ಅಂಗಡಿಯ ಮುಂಗಡ ಕೊಟ್ಟು, ದಿನಾ ಸಂಜೆಗೆ ಮನೆ ಸೇರುವವನಾಗಬಹುದಿತ್ತು. ಮನೆಯಲ್ಲಿ ಹೆಂಡತಿ ಸಿದ್ದಲಿಂಗವ್ವ ಒಬ್ಬಳೇ. ಮದುವೆಯಾಗಿ ಹದಿನೆಂಟು ವರ್ಷವಾದರೂ ಮಕ್ಕಳಿಲ್ಲ. ಯಾರ ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆ ಬಂದರೂ ಅವಳಿಗೆ ಅಂದು ತಲೆನೋವು ಬರುತ್ತಿತ್ತು. ಆ ತಲೆನೋವಿನ ಬಗ್ಗೆ ಅವನು ಎಂದೂ ಕೇಳುತ್ತಿರಲಿಲ್ಲ.

ಗುಡಿಯ ಕಟ್ಟೆಯ ಮೇಲೆ ಸವಾಲು ನಡೆದಿತ್ತು. ಕಂಬಳಿ ಹೋಯಿತು, ತೆಂಗಿನಕಾಯಿ ಹೋದವು, ಒಂದು ಕುರಿಮರಿಯೂ ಹೋಯಿತು. ಕೊನೆಗೆ ಪೂಜಾರಿ ರೇವಣಪ್ಪ ವೀಳ್ಯದೆಲೆಯ ಮೇಲೆ, ಭಂಡಾರದ ಹಳದಿ ಪುಡಿಯಲ್ಲಿ ಮುಳುಗಿದ ರೂಪಾಯಿ ತಂದ. ಮಡಿವಾಳಪ್ಪ ಬಗ್ಗಿ, ಪುಡಿ ಸರಿಸಿ ನೋಡಿದ. ಹತ್ತೊಂಬತ್ತು ನೂರಾ ಹನ್ನೊಂದರದು! ಇಂಗ್ಲಿಷ್ ರಾಜನ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಮೋಟಾಗಿ, ಹಂದಿಯಂತೆ ಕಾಣುತ್ತದೆಂದು ಜನ ಗಲಾಟೆ ಮಾಡಿ, ಸರಕಾರ ಬಹುಪಾಲು ಕರಗಿಸಿಬಿಟ್ಟ ರೂಪಾಯಿ. ವ್ಯಾಪಾರದವರ ಬಾಯಲ್ಲಿ ಅದರ ಹೆಸರೇ ಹಂದಿ ರೂಪಾಯಿ. ಮುದ್ದೇಬಿಹಾಳದ ವಕೀಲರೊಬ್ಬರು ಅದಕ್ಕಾಗಿ ವರ್ಷಗಟ್ಟಲೆ ಹಂಬಲಿಸುತ್ತಿದ್ದರು.

ಅವನೆದುರು ಬೆಲೆ ಕೂಗುತ್ತಿದ್ದವನು ಒಬ್ಬನೇ, ಕುರಿ ಕಾಯುವ ಸೋಮನಿಂಗ. ಹಿಂದೆ ಅವನ ಹೆಂಡತಿ ಶಂಕ್ರೆವ್ವ ಗಂಡನ ಕಂಬಳಿಯ ಅಂಚು ಹಿಡಿದು ನಿಂತಿದ್ದಳು. ಬೆಲೆ ಏರಿತು. ಇನ್ನೇನು ಮಡಿವಾಳಪ್ಪನ ಕಿಸೆ ತಳ ಕಾಣುತ್ತದೆ ಎನ್ನುವಾಗ ಆ ಹುಡುಗಿ ಅವನ ಮುಖ ನೋಡಿದಳು, ನೆರೆತ ಕೂದಲು ನೋಡಿದಳು, ಗಂಡನ ಕಿವಿಯಲ್ಲಿ ಏನೋ ಅಂದಳು.

"ಸಾಕ್ರಿ," ಎಂದ ಸೋಮನಿಂಗ. "ಹಿರ್ಯಾರ ತಗೊಳ್ಳಿ."

ಹುಡುಗನ ರೊಕ್ಕ ತೀರಿತೆಂದು ಮಡಿವಾಳಪ್ಪ ಒಳಗೊಳಗೇ ನಕ್ಕ. ಪೂಜಾರಿ ಅವನ ಹಣೆಗೆ ಭಂಡಾರ ಬಡಿದು ಕೇಳಿದ, "ಮನಿಯಾಗಿನವ್ರು ಬಂದಿಲ್ಲೇನ್ರಿ? ಲಗ್ನಾಗಿ ಎಷ್ಟ ವರ್ಷಾತು?"

"ಹದಿನೆಂಟಾತ್ರಿ. ಯಾಕ್ರಿ?"

"ಎಪ್ಪಾ, ಹದಿನೆಂಟ ವರ್ಷ ಎಲ್ಲಿ ನಿದ್ದಿ ಹೊಡದಿದ್ದಿ?" ಕಂಬಕ್ಕೊರಗಿದ್ದ ಮುದುಕಿ ಗುಂಡವ್ವ ಬಾಯಿ ಹಾಕಿದಳು. "ಮದಲ ಬಂದಿದ್ರ ಇಷ್ಟೊತ್ತಿಗಿ ಮೊಮ್ಮಕ್ಕಳನ್ನ ಆಡಸ್ತಿದ್ದಿ!"

ಎಲ್ಲರೂ ನಕ್ಕರು, ಆದರೆ ಮೆಲ್ಲಗೆ. ಆಗ ರೇವಣಪ್ಪ ತಿಳಿಸಿ ಹೇಳಿದ. ಇದು ಮಕ್ಕಳಿಲ್ಲದವರಷ್ಟೇ ಕೂಗುವ ರೂಪಾಯಿ. ಸವಾಲಿನ ಹಣ ದೇವರ ಎಣ್ಣೆಗೆ. ರೂಪಾಯಿ ಹೆಣ್ಣುಮಗಳ ಉಡಿಗೆ, ಸೀರೆಯ ಮಡಿಲಿಗೆ. ಕೂಸು ಹುಟ್ಟಿದ ಮೇಲೆ ಕೂಸಿನ ಜೊತೆಗೇ ಗುಡಿಗೆ ತಿರುಗಿ ಬರಬೇಕು, ಮತ್ತೊಬ್ಬರಿಗಾಗಿ.

ಮಡಿವಾಳಪ್ಪ ರೂಪಾಯಿಯನ್ನು ಚೀಲದಲ್ಲಿಟ್ಟ. ಅಷ್ಟರಲ್ಲಿ ಶಂಕ್ರೆವ್ವ ರೊಟ್ಟಿ ಗಂಟೊಂದನ್ನು ಅವನ ಕೈಯಲ್ಲಿಟ್ಟಳು. "ಅಕ್ಕಗ ಕೊಡ್ರಿ. ಹಚ್ಕೊಳ್ಳಾಕ ಶೇಂಗಾಹಿಂಡಿನೂ ಐತಿ. ನಾವಿನ್ನಾ ಸಣ್ಣಾವ್ರು, ತಡದೇವು."

ಬಸ್ಸಿನವರೆಗೆ ಬಂದ ರೇವಣಪ್ಪ ಹೇಳಿದ, "ಶಂಕ್ರೆವ್ವನ ಅತ್ತಿ ತನ್ನ ಮಗಗ ಮತ್ತೊಂದ ಹೆಣ್ಣ ನೋಡಾಕತ್ತಾಳ್ರಿ. ರೂಪಾಯಿ ಉಡ್ಯಾಗ ಇರೂತನಕ ಸುಮ್ನಿರ್ತಿದ್ಲು. ಆದ್ರೂ ಬಿಟ್ಟಕೊಟ್ಲು ನೋಡ್ರಿ ಹುಡುಗಿ."

"ಹಂಗಾದ್ರ ಈಗ ಆಕಿಗೇ ಕೊಟ್ಟಬಿಡ್ತೇನ್ರಿ!"

"ಗಂಡಸರ ಕೈಲೆ ಹೋಗೂದಲ್ರಿ ಅದು. ಕೊಡೂದಿದ್ರ ನಿಮ್ಮ ಮನಿಯವ್ರ ಕೊಡಬೇಕು, ಉಡಿಯಿಂದ ಉಡಿಗಿ."

ಬಾಗೇವಾಡಿ ಮುಟ್ಟುವಷ್ಟರಲ್ಲಿ ಮಡಿವಾಳಪ್ಪ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ವ್ಯಾಪಾರ ವ್ಯಾಪಾರವೇ. ನಾಳೆ ಮುದ್ದೇಬಿಹಾಳ, ನಾಡಿದ್ದು ಅಂಗಡಿಯ ಬೀಗದ ಕೈ. ಆದರೆ ಚೀಲ ಬಿಚ್ಚಿದವಳು ಸಿದ್ದಲಿಂಗವ್ವ. ಹಳದಿ ಹತ್ತಿದ ರೂಪಾಯಿ, ಗುರುತಿಲ್ಲದವರ ರೊಟ್ಟಿ.

"ಇದೇನ್ರಿ?"

ಅವನಿಗೆ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಕೇಳಿ ಅವಳು ಒಂದೇ ಪ್ರಶ್ನೆ ಕೇಳಿದಳು. "ಆಕಿ ಎದಕ್ಕ ಬಿಟ್ಲು?"

"ನನ್ನ ಬಿಳಿಗೂದಲಾ ನೋಡಿ."

ಸಿದ್ದಲಿಂಗವ್ವ ನಕ್ಕಳು. ಆ ನಗು ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ರೊಟ್ಟಿ ಮುರಿದು ಅವನಿಗೊಂದು ತುಂಡು ಕೊಟ್ಟು, ತಾನೂ ತಿಂದು, ಕೈ ತೊಳೆದು ಬಂದು ಸೆರಗು ಒಡ್ಡಿದಳು.

"ಹಾಕ್ರಿ."

ಅವನು ಹಾಕಿದ. ಅವಳು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವನು ಮುದ್ದೇಬಿಹಾಳಕ್ಕೆ ಹೋಗಲಿಲ್ಲ. ಅವಳು ನೀರು ತಂದಳು, ಜೋಳ ಹಸನು ಮಾಡಿದಳು. ನಡುನಡುವೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಏನೋ ಮಲಗಿದೆ, ಎಚ್ಚರವಾದೀತು ಎಂಬಂತೆ. ಅಂಗಡಿಯ ಯಜಮಾನ ಹೇಳಿಕಳಿಸಿದ: ಬೇರೆಯವರು ಕೇಳಾಕತ್ತಾರ. ಮಡಿವಾಳಪ್ಪ ಆ ಮಾತನ್ನು ಅವಳಿಗೆ ಮುಟ್ಟಿಸಲಿಲ್ಲ.

ಸೋಮವಾರ ತಲೆಸ್ನಾನ ಮಾಡಿ ಬಂದು ಅವಳೇ ಅಂದಳು, "ನಡ್ರಿ, ಅಗರಖೇಡಕ್ಕ."

"ಇನ್ನೊಂದೀಟ ದಿನ ಇಟ್ಕೊಬೇಕಂದ್ರ ಇಟ್ಕೊ."

"ಇಟ್ಕೊಂಡ್ರ ಕೊಡಾಕ ಆಗೂದಿಲ್ಲ," ಎಂದಳು. ಸ್ವಲ್ಪ ತಡೆದು, "ನಿಮ್ಮ ಅಂಗಡಿ?"

"ಇನ್ನೊಂದು ಸಿಗತೈತಿ ತಗೋ."

ಶಂಕ್ರೆವ್ವ ಮನೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ಬಂದವರು ಯಾರೆಂದು ತಿಳಿದದ್ದೇ ಕೈ ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ್ರಿ ಅಕ್ಕಾರ. ನಿಮಗ ಬಂದದ್ದು."

"ಅಕ್ಕ ಅಂದಿ, ಅಕ್ಕ ಕೊಟ್ಟದ್ದು ಬ್ಯಾಡಂತೀ? ಭಾಳ ಶಾಣ್ಯಾಕಿ ಅದಿ. ಹಿಡಿ ಸೆರಗ."

ಸಿದ್ದಲಿಂಗವ್ವ ಉಡಿ ತುಂಬಿದಳು: ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು. ಕೊನೆಗೆ ಸೊಂಟದ ಗಂಟು ಬಿಚ್ಚಿದಳು. ಗಂಟು ಬಿಗಿದಿತ್ತು, ತಡವಾಯಿತು. ರೂಪಾಯಿ ಅಕ್ಕಿಯಲ್ಲಿ ಜಾರಿ ಮರೆಯಾಯಿತು. ಎಲ್ಲಿ ಹೋಯಿತೆಂದು ಇಬ್ಬರೂ ಕೈ ಹಾಕಿ ಹುಡುಕಿದರು. ಸಿಕ್ಕ ಮೇಲೂ ಸಿದ್ದಲಿಂಗವ್ವನ ಕೈ ಕೆಲಹೊತ್ತು ಅಲ್ಲೇ ಇತ್ತು. ಶಂಕ್ರೆವ್ವ ಅದನ್ನು ಬಿಡಲಿಲ್ಲ.

"ನೋಡ್ರಿ ಅಕ್ಕಾರ, ಆನಿ ಎಷ್ಟ ಸಣ್ಣದೈತಿ. ಮರಿ ಆನಿ."

ಕುರಿಗಳ ನಡುವೆ ಸೋಮನಿಂಗನೊಡನೆ ನಿಂತಿದ್ದ ಮಡಿವಾಳಪ್ಪ ಅದನ್ನು ಕೇಳಿ ನೆಲ ನೋಡಿದ.

ಬಸ್ಸಿನ ಹೊತ್ತಾಗಿತ್ತು. ಸಿದ್ದಲಿಂಗವ್ವ ಎದ್ದು ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು.

"ತೊಟ್ಟಲಕ್ಕ ಹಾಕೂ ದಿನ ನನಗ ಹೇಳಿಕಳಸು. ಬರ್ತೇನಿ."