ತಪಾಸಣೆಗೆ ಮುಂಚೆ ನಾಲ್ಕು ಲೋಟ ನೀರು

ಡ್ರಿಲ್ ಮಾಸ್ತರನ ಕೈಗೆ ಸಿಕ್ಕ ಸಿಪಾಯಿಯ ಬೊಜ್ಜು ಮೂರೇ ತಿಂಗಳಲ್ಲಿ ಕರಗುತ್ತದೆಂದು ಇಡೀ ದಂಡಿನಲ್ಲಿ ಹೆಸರಾಗಿತ್ತು. ಹಾಗಾಗಿ ಹೆಂಡತಿ ಬಸುರಿಯಾದ ದಿನದಿಂದ ಅವನಿಗೆ ಒಂದೇ ದಿಗಿಲು.

"ಊರೋರ ಹೊಟ್ಟೆ ಇಳಿಸೋನು ಮನೇಲಿ ಆನೆ ಸಾಕ್ಕೊಂಡಿದಾನೆ ಅಂತ ಮೆಸ್ಸಲ್ಲಿ ನಗಬೇಕಾ?" ಎನ್ನುತ್ತ ಅವಳ ತಟ್ಟೆಯಿಂದ ಅರ್ಧ ಊಟ ತೆಗೆದುಬಿಡುತ್ತಿದ್ದ.

ಅವಳಿಗೋ ಹೊಟ್ಟೆಗೆ ಬೆಂಕಿ ಬಿದ್ದಂಥ ಹಸಿವು. ಒಮ್ಮೆ ಕದ್ದು ಬ್ರೆಡ್ಡು ತಿನ್ನುವಾಗ ಸಿಕ್ಕಿಬಿದ್ದಳು. ಅವನು ಬೈಯಲಿಲ್ಲ, ಕ್ವಾರ್ಟರ್ಸಿನ ಮೆಟ್ಟಿಲುಗಳನ್ನು ಹತ್ತು ಸಲ ಹತ್ತಿಸಿ ಇಳಿಸಿದ. ಪಕ್ಕದ ಮನೆಯವರು ಕೇಳಿದ್ದಕ್ಕೆ, "ಹೆರಿಗೆ ಸಲೀಸಾಗ್ಲಿ ಅಂತ" ಎಂದ.

ದಂಡಿನ ಆಸ್ಪತ್ರೆಯ ನರ್ಸಕ್ಕ ಸುಮ್ಮನೆ ಬಿಡುವವಳಲ್ಲ. ಐದನೇ ತಿಂಗಳಲ್ಲಿ ಕಾರ್ಡು ನೋಡಿ, "ಇಷ್ಟೊತ್ತಿಗೆ ನಾಲ್ಕೈದು ಕೆಜಿ ಏರಬೇಕಿತ್ತಲ್ಲಮ್ಮ! ಮುಂದಿನ ಸಲವೂ ಹೀಗೇ ಇದ್ರೆ ನಿನ್ನ ಯಜಮಾನರ ಸಾಹೇಬರಿಗೇ ಬರೀತೀನಿ" ಎಂದಳು.

ಅಂದಿನಿಂದ ಪ್ರತಿ ತಪಾಸಣೆಗೆ ಮುಂಚೆ ಮಾಸ್ತರ ಎದುರಿಗೆ ನಿಂತು ನಾಲ್ಕು ಲೋಟ ನೀರು ಕುಡಿಸತೊಡಗಿದ. ಅದೂ ಸಾಲದಾದಾಗ ದಪ್ಪ ಸ್ವೆಟರಿನ ಅಂಚಿನೊಳಗೆ ಸೀಸದ ತುಂಡುಗಳನ್ನು ಅವಳ ಕೈಯಿಂದಲೇ ಹೊಲಿಸಿದ. "ತೆಗೀ ಅಂದ್ರೆ ಚಳಿ ಅನ್ನು."

ಕಾರ್ಡಿನಲ್ಲಿ ಅಂಕಿ ಏರಿತು. ನರ್ಸಕ್ಕ ಬೆನ್ನು ತಟ್ಟಿ, "ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದಳು. ಬಸುರಿಯ ನಾಲಿಗೆ ತುದಿಗೆ ಬಂದ ಮಾತು, ಬಾಗಿಲಲ್ಲಿ ನಿಂತ ಗಂಡನನ್ನು ಕಂಡು ಒಳಗೇ ಉಳಿಯಿತು.

ಎಂಟು ತುಂಬುವ ಮೊದಲೇ ಹೆರಿಗೆಯಾಯಿತು. ಮಗು ಅಂಗೈಯಗಲ, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮಾಸ್ತರ ಕಾರ್ಡು ಹಿಡಿದು ಡಾಕ್ಟರ ಮುಂದೆ ಕೂಗಾಡಿದ: "ಪ್ರತಿ ತಿಂಗಳೂ ಚೆನ್ನಾಗಿದೆ ಅಂತ ಬರೆದಿದಾರೆ! ಸುಳ್ಳು ಬರೆದೋರು ಯಾರು?"

ವಿಚಾರಣೆಗೆ ಕರೆದರು. ಅಲ್ಲಿ ನರ್ಸಕ್ಕ ಮಗುವಿನ ತಾಯಿಯ ಕಡೆ ತಿರುಗಿ, "ನಿನ್ನ ತೂಕ ನೋಡೇ ಬರೆದಿದ್ದಲ್ವಾ? ನೀನೇ ಹೇಳಮ್ಮ" ಎಂದಳು.

ಗಂಡನ ಕೈ ಅವಳ ಹೆಗಲ ಮೇಲಿತ್ತು.

"ನೆನಪಿಲ್ಲ," ಎಂದಳು.

ಸುಳ್ಳು ತೂಕ ಬರೆದಳೆಂದು ನರ್ಸಕ್ಕನನ್ನು ಕೆಲಸದಿಂದ ತೆಗೆದರು. ಕೊನೆಯ ದಿನ ಪಾಳಿ ಮುಗಿಯುವ ಮುನ್ನ ಅವಳೇ ಮಗುವನ್ನು ತಂದು ತಾಯಿಯ ಎದೆಗೆ ಒರಗಿಸಿದಳು. ಕತ್ತಿಗೆ ಹೇಗೆ ಆಸರೆ ಕೊಡಬೇಕೆಂದು ತೋರಿಸಿದಳು. "ಹೊಟ್ಟೆ ತುಂಬ ಉಣ್ಣು. ಇಲ್ದಿದ್ರೆ ಹಾಲು ಬರಲ್ಲ."

ತಾಯಿ ಕಣ್ಣು ತಗ್ಗಿಸಿ ಮಗುವಿನ ಕತ್ತಿನಡಿ ಕೈಯಿಟ್ಟಳು.

ನರ್ಸಕ್ಕ ಹೋದ ಮೇಲೆ ಮಾಸ್ತರ ಒಳಗೆ ಬಂದ. ಮಗುವಿನ ಕಡೆ ನೋಡದೆ, ಹೆಂಡತಿಯ ಮೇಲೆ ಅಡಿಯಿಂದ ಮುಡಿವರೆಗೆ ಕಣ್ಣು ಹಾಯಿಸಿ, ಮೆಚ್ಚಿ ತಲೆದೂಗಿದ.

"ಪರವಾಗಿಲ್ಲ. ಹೆತ್ತೋಳು ಅಂತ ಯಾರೂ ಹೇಳಲ್ಲ."