ಅಳು ಪರೀಕ್ಷೆ

ತಾತನನ್ನು ನಿಲ್ಲಿಸಿಬಿಡುವುದೆಂದು ಸೋಮವಾರದ ಮೀಟಿಂಗಿನಲ್ಲಿ ತೀರ್ಮಾನವಾಯಿತು. ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು.

ತಾತ ಎಂದರೆ ನಮ್ಮ ಆಫೀಸಿನ ಅತ್ಯಂತ ಹಳೆಯ ಪ್ರೋಗ್ರಾಂ. ನಮ್ಮದು ಲಿಫ್ಟ್ ರಿಪೇರಿಯ ಕಂಪನಿ. ಊರಿನ ಅರ್ಧದಷ್ಟು ಕಟ್ಟಡಗಳ ಲಿಫ್ಟುಗಳು ನಮ್ಮ ಉಸ್ತುವಾರಿಯಲ್ಲಿವೆ. ಕಟ್ಟಡದ ನಂಬರ್ ಕೊಟ್ಟರೆ ಅದು ಯಾವ ಮೆಕ್ಯಾನಿಕ್‌ಗೆ ಸೇರಿದ್ದೆಂದು ತಾತ ಹೇಳುತ್ತಾನೆ. ಅವನಿಗೆ ಗೊತ್ತಿರುವುದು ಅಷ್ಟೇ. ಹೋದ ವರ್ಷ ನಾವು ಇಡೀ ಸಾಫ್ಟ್‌ವೇರನ್ನು ಒಡೆದು ಸಣ್ಣ ಸಣ್ಣ ಸೇವೆಗಳನ್ನಾಗಿ ಮಾಡಿದೆವು. ದೂರು ಪಡೆಯಲು ಒಂದು ಸೇವೆ, ಬಿಲ್ಲಿಗೊಂದು, ಬಿಡಿಭಾಗಗಳಿಗೊಂದು, ದೂರು ಕೊಟ್ಟವರಿಗೆ ಧನ್ಯವಾದ ಹೇಳುವುದಕ್ಕೇ ಒಂದು. ಈ ಕೊನೆಯದನ್ನು ಕಟ್ಟಿದವನು ನಾನು. ಅದು ಒಂದು ದಿನವೂ ಕೆಟ್ಟು ನಿಂತಿಲ್ಲ.

ಒಂದು ಸೇವೆಗೆ ಇನ್ನೊಂದರ ಹೊಟ್ಟೆಯೊಳಗೆ ಏನಿದೆಯೆಂದು ತಿಳಿಯಬೇಕಾಗಿಲ್ಲ. ಕೇಳಬೇಕು, ಉತ್ತರ ಪಡೆಯಬೇಕು, ತನ್ನ ಪಾಡಿಗೆ ತಾನಿರಬೇಕು. ಸಂಜೆ ಕಾಲೇಜಿನ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆದಾಗ ನಾನು ಅದರ ಕೆಳಗೆ ಎರಡು ಗೆರೆ ಎಳೆದುಕೊಂಡಿದ್ದೆ. ಕಂಪನಿಯಲ್ಲಿ ಈ ನಿಯಮ ಎಷ್ಟು ಚೆನ್ನಾಗಿ ಬೇರು ಬಿಟ್ಟಿತೆಂದರೆ, ಸೇವೆಗಳಿಗೆ ಮಾತ್ರವಲ್ಲ, ಅವುಗಳನ್ನು ನೋಡಿಕೊಳ್ಳುವ ಮನುಷ್ಯರಿಗೂ ಪಕ್ಕದ ಮೇಜಿನಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದಾಯಿತು.

ತಾತನ ಕೆಲಸಕ್ಕೆ ಹೊಸ ಸೇವೆ ಬಂದಾಗಿತ್ತು. ಆದರೂ ಅವನನ್ನು ಯಾರೋ ಇನ್ನೂ ಪ್ರಶ್ನೆ ಕೇಳುತ್ತಲೇ ಇದ್ದರು. ಕೇಳುವವರ ಗುರುತಿಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಮೀಟಿಂಗಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದ್ದಾಯಿತು. ಬಿಲ್ಲಿನವರು ನಮ್ಮದಲ್ಲ ಎಂದರು. ಬಿಡಿಭಾಗದವರು ತಾತನೆಂದರೆ ಯಾರೆಂದು ಕೇಳಿದರು. ದೂರು ವಿಭಾಗದ ಮೇಡಂ, ತಮ್ಮದು ಯಾವತ್ತೋ ಹೊಸದಕ್ಕೆ ಬದಲಾಗಿರಬೇಕು ಎಂದರು. ಆ 'ಬೇಕು' ನನ್ನ ಕಿವಿಯಲ್ಲಿ ಮುಳ್ಳಿನ ಹಾಗೆ ಉಳಿಯಿತು; ಬಾಯಿಬಿಡಲು ಧೈರ್ಯ ಸಾಲಲಿಲ್ಲ.

"ನಿಲ್ಲಿಸಿಬಿಡ್ರಿ," ಎಂದರು ನಮ್ಮ ಸಾಹೇಬರು. "ಯಾರಿಗೆ ಬೇಕೋ ಅವ್ರು ಅಳ್ತಾರೆ. ಅತ್ತ ಮಗೂಗೆ ಹಾಲು ಕೊಟ್ರಾಯ್ತು."

ಇದು ತಮಾಷೆಯಲ್ಲ. ನಮ್ಮ ಕಸುಬಿನಲ್ಲಿ ಇದೊಂದು ಮಾನ್ಯ ವಿಧಾನ. ನಾವು ಅದನ್ನು ಅಳು ಪರೀಕ್ಷೆ ಎನ್ನುತ್ತೇವೆ. ಶುಕ್ರವಾರದವರೆಗೆ ಯಾರೂ ಅಳದಿದ್ದರೆ ತಾತನಿಗೆ ಕೊನೆಯ ನಮಸ್ಕಾರ, ನನಗೆ ಸಾಫ್ಟ್‌ವೇರಿನ ಮುಖ್ಯ ಆರ್ಕಿಟೆಕ್ಟ್ ಪಟ್ಟ. ಹಗಲು ಕಾಲೇಜಿನಲ್ಲಿ ಓದಿದವರ ನಡುವೆ ನನ್ನಂಥವನಿಗೆ ಅಂಥ ಪಟ್ಟ ಮತ್ತೊಮ್ಮೆ ಹುಡುಕಿಕೊಂಡು ಬರುವುದಿಲ್ಲ.

ನಿಲ್ಲಿಸಿದೆ. ಮೊದಲ ದಿನ ಯಾರೂ ಅಳಲಿಲ್ಲ. ಮರುದಿನವೂ ಇಲ್ಲ. ಅಷ್ಟೇ ಅಲ್ಲ, ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಲಿಫ್ಟ್ ದೂರುಗಳ ಸಂಖ್ಯೆಯೂ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂತು. ಮೆಕ್ಯಾನಿಕ್‌ಗಳು ಕೆಲಸವಿಲ್ಲದೆ ಕೇರಂ ಆಡತೊಡಗಿದರು. ಸಾಹೇಬರು ಅದನ್ನು ಉಳಿತಾಯವೆಂದು ಮೇಲಿನವರಿಗೆ ತಿಳಿಸಿದರು. ನಮ್ಮ ವಿನ್ಯಾಸದ ಅಂದ ಕಂಡು ಲಿಫ್ಟುಗಳು ತಾವೇ ನಾಚಿ ಸರಿಹೋದವೇ ಎಂದು ನನಗೆ ಅನುಮಾನ. ಮೆಲ್ಲಗೆ ಕೇಳಿದ್ದಕ್ಕೆ, ನನಗೆ ಸಂತೋಷಪಡುವುದಕ್ಕೂ ಭಯವೆಂದು ಸಾಹೇಬರು ಬೆನ್ನು ತಟ್ಟಿದರು.

ಗುರುವಾರ ಸಂಜೆ ಅಕ್ಕನ ಮನೆಗೆ ಹೋದೆ. ಭಾವನಿಗೆ ಮಂಡಿಯ ಆಪರೇಷನ್ ಆಗಿತ್ತು, ನೋಡಿಬರೋಣವೆಂದು. ಅವರ ಮನೆ ಆರನೇ ಮಹಡಿಯಲ್ಲಿ. ಲಿಫ್ಟ್ ನಿಂತಿತ್ತು. ಬಾಗಿಲ ಮೇಲೆ ನಮ್ಮ ಕಂಪನಿಯ ಸ್ಟಿಕರ್ ಹೊಳೆಯುತ್ತಿತ್ತು.

ಮೆಟ್ಟಿಲಲ್ಲಿ ತರಕಾರಿ ಚೀಲ ಹಿಡಿದು ಏದುಸಿರು ಬಿಡುತ್ತಿದ್ದವನ ಪರಿಚಯವಿತ್ತು. ನಾಲ್ಕನೇ ಮಹಡಿಯಲ್ಲಿರುವ, ನಮ್ಮದೇ ಕಂಪನಿಯ ಮೆಕ್ಯಾನಿಕ್. ಲಿಫ್ಟ್ ನಿಂತು ಮೂರು ದಿನವಾಯಿತೆಂದ.

"ಮತ್ತೆ ನೀವೇ ಸರಿಮಾಡಬಹುದಿತ್ತಲ್ಲ?"

"ಕಾಲು ಗಂಟೆ ಕೆಲ್ಸ ಸರ್. ಆದ್ರೆ ನನ್ನ ಫೋನಿಗೆ ಕೆಲ್ಸ ಬರ್ಬೇಕಲ್ಲ. ಕಣ್ಣಿಗೆ ಕಂಡಿದ್ದನ್ನೆಲ್ಲಾ ಮುಟ್ಟೋ ಹಾಗಿಲ್ಲ ಅಂತ ನೀವೇ ತಾನೆ ನಿಯಮ ಮಾಡಿರೋದು." ಅವನ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಮೇಲೆ ಹೋದರೆ ಭಾವ ಕಾಲು ಚಾಚಿ ಕುಳಿತಿದ್ದರು. ಹಿಂದಿನ ದಿನವೇ ಆಸ್ಪತ್ರೆಗೆ ಹೋಗಿ ಹೊಲಿಗೆ ಬಿಚ್ಚಿಸಬೇಕಿತ್ತಂತೆ. ಬ್ಯಾಂಡೇಜಿನ ಅಂಚು ಕೆಂಪಗೆ ಊದಿತ್ತು. ಭಾವ ದರ್ಜಿ. "ನಾನು ಹಾಕಿದ ಹೊಲಿಗೆ ಆಗಿದ್ರೆ ನಾನೇ ಬಿಚ್ಕೋತಿದ್ದೆ ಕಣಯ್ಯಾ," ಎಂದು ನಕ್ಕರು. ನಗುವಾಗ ನೋವಿಗೆ ಮುಖ ಕಿವುಚಿತು.

ನನಗೊಂದು ಮಾತು ಹೇಳಬಾರದಿತ್ತೇ ಎಂದು ಅಕ್ಕನ ಮೇಲೆ ರೇಗಿದೆ.

"ನಿಮ್ಮ ಆಪಿಗೆ ಹೇಳಿದೀನಲ್ಲೋ. ತಮ್ಮ ಅಲ್ಲಿದಾನೆ ಅಂತ ನಿನ್ನ ಹೆಸ್ರು ಹೇಳಿ ಕೆಲ್ಸ ಮಾಡಿಸ್ಕೊಂಡ್ರೆ ನಾಳೆ ನಿನ್ನನ್ನ ಅಂತಾರೆ. ಆದ್ರೂ ಎಂಥಾ ಮರ್ಯಾದೆ ನಿಮ್ಮೋರಿಗೆ, ಒತ್ತಿದ ತಕ್ಷಣ ಥ್ಯಾಂಕ್ಸ್ ಹೇಳ್ತಾರೆ."

ಫೋನ್ ತೋರಿಸಿದಳು. ಧನ್ಯವಾದಗಳು ಒಂದರ ಕೆಳಗೊಂದು ಸಾಲಾಗಿ ನಿಂತಿದ್ದವು. ನಾನೇ ಕೂತು ಬರೆದ ವಾಕ್ಯ: ನಿಮ್ಮ ಸಮಯ ನಮಗೆ ಅಮೂಲ್ಯ.

ಆಗ ಹೊಳೆಯಿತು. ದೂರಿನ ಸೇವೆ ಬದಲಾಗಿರಲೇ ಇಲ್ಲ. ದೂರು ಬಂದಾಗ ಇದು ಯಾವ ಮೆಕ್ಯಾನಿಕ್‌ಗೆ ಎಂದು ಅದು ತಾತನನ್ನೇ ಕೇಳುತ್ತಿತ್ತು. ಉತ್ತರವಿಲ್ಲದ್ದರಿಂದ ದೂರನ್ನು ಪಕ್ಕಕ್ಕಿಟ್ಟು ಕಾಯುತ್ತಿತ್ತು. ಮೆಕ್ಯಾನಿಕ್ ಗೊತ್ತಾಗದ ದೂರು ಪರದೆಯ ಲೆಕ್ಕಕ್ಕಿಲ್ಲ. ಮಗುವಿನ ಬಾಯಿಗೆ ಬಟ್ಟೆ ತುರುಕಿ, ಅಳುತ್ತಿಲ್ಲವೆಂದು ನಾವು ತೊಟ್ಟಿಲು ತೂಗುತ್ತಿದ್ದೆವು.

ಅಲ್ಲಿಂದಲೇ ಸಾಹೇಬರಿಗೆ ಫೋನ್ ಮಾಡಿದೆ. ನಾಳೆ ಮೀಟಿಂಗಿನಲ್ಲಿ ಮಾತಾಡೋಣ ಎಂದು ಇಟ್ಟುಬಿಟ್ಟರು. ಒಪ್ಪಿಗೆಯಿಲ್ಲದೆ ಏನನ್ನೂ ಮುಟ್ಟಿದವನಲ್ಲ ನಾನು. ಅಕ್ಕನ ಅಡುಗೆಮನೆಯಲ್ಲಿ ನಿಂತು, ಲ್ಯಾಪ್‌ಟಾಪನ್ನು ಮಿಕ್ಸಿಯ ಪಕ್ಕದಲ್ಲಿಟ್ಟು, ತಾತನನ್ನು ಎಬ್ಬಿಸಿದೆ.

ಬೆಳಿಗ್ಗೆ ಮೀಟಿಂಗಿನ ಹೊತ್ತಿಗೆ ಪರದೆಯ ಮೇಲೆ ಸೊನ್ನೆಯಿದ್ದಲ್ಲಿ ನಾಲ್ಕಂಕಿಯ ಸಂಖ್ಯೆ ಬಂದು ಕುಳಿತಿತ್ತು. ನಡೆದದ್ದನ್ನು ಹೇಳಿದೆ. ನಡುವೆ ಎರಡು ಸಲ ನೀರು ಕುಡಿದೆ.

ಸಾಹೇಬರು ಪರದೆಯತ್ತ ಬೆರಳು ತೋರಿಸಿದರು. "ಅಲ್ಲ ರೀ, ತಾತ ನಿಂತಿದ್ದಾಗ ದೂರು ಇರ್ಲಿಲ್ಲ. ನೀವು ಎಬ್ಬಿಸಿದ್ರಿ, ಬಂತು. ಹಾಗಾದ್ರೆ ತಂದಿದ್ದು ಯಾರು?"

ತಿಂಗಳ ವರದಿ ಹೋಗುವವರೆಗಾದರೂ ತಾತನನ್ನು ಮತ್ತೆ ಮಲಗಿಸಬಹುದಲ್ಲ ಎಂದು ದೂರು ವಿಭಾಗದ ಮೇಡಂ ಸೂಚಿಸಿದರು. ಹಲವರು ತಲೆಯಾಡಿಸಿದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದೆಗವುಚಿಕೊಂಡೆ. ಬಸ್ಸಿನಲ್ಲಿ ಉರುಹೊಡೆದುಕೊಂಡು ಬಂದ ಮಾತೊಂದೂ ನೆನಪಿಗೆ ಬರಲಿಲ್ಲ.

"ನಮ್ಮ ಭಾವ ಆರನೇ ಮಹಡೀಲಿದ್ದಾರೆ ಸರ್."

"ಅದು ಆರ್ಕಿಟೆಕ್ಚರ್ ವಿಷ್ಯ ಅಲ್ಲ."

"ಅಲ್ಲ ಸರ್. ಅದಕ್ಕೇ ಇಲ್ಲಿಂದ ಕಾಣಿಸ್ಲಿಲ್ಲ."

ಲ್ಯಾಪ್‌ಟಾಪ್ ಕಿತ್ತುಕೊಳ್ಳುವಷ್ಟು ಒರಟರು ನಮ್ಮಲ್ಲಿಲ್ಲ. ತಾತ ಉಳಿದ. ಮುಖ್ಯ ಆರ್ಕಿಟೆಕ್ಟ್ ಪಟ್ಟ ಮೇಡಂಗೆ ಹೋಯಿತು, ದಿಢೀರನೆ ಬಂದ ದೂರುಗಳ ಪ್ರವಾಹವನ್ನು ಧೈರ್ಯದಿಂದ ಎದುರಿಸಿದ್ದಕ್ಕೆ. ನನ್ನನ್ನು ತಾತನ ಆರೈಕೆಗೆ ಹಾಕಿದರು.

ಮಧ್ಯಾಹ್ನ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ರಾತ್ರಿಯೇ ಫೋನಿಗೆ ಕೆಲಸ ಬಂದು, ಮೆಕ್ಯಾನಿಕ್ ಊಟದ ನಡುವೆಯೇ ಕೈತೊಳೆದು ಎದ್ದುಬಂದಿದ್ದನಂತೆ. ಕಾಲು ಗಂಟೆಯೂ ಹಿಡಿಯಲಿಲ್ಲವಂತೆ. ಭಾವನನ್ನು ಅಕ್ಕನೂ ನಾನೂ ಹಿಡಿದುಕೊಂಡು ಲಿಫ್ಟಿಗೆ ಹತ್ತಿಸಿದೆವು. ಇಳಿಯುವಾಗ ಅಕ್ಕನ ಫೋನ್ ಬಿಡದೆ ಗುನುಗುತ್ತಿತ್ತು. ಲಿಫ್ಟ್ ಸರಿಹೋಯಿತೆಂದು, ಅವಳು ಕೊಟ್ಟ ಒಂದೊಂದು ದೂರಿಗೂ ಮತ್ತೊಂದೊಂದು ಧನ್ಯವಾದ.

"ಇಷ್ಟು ಮರ್ಯಾದೆ ನನಗೆ ಮದುವೆ ದಿನಾನೂ ಸಿಕ್ಕಿರ್ಲಿಲ್ಲ," ಎಂದರು ಭಾವ.

ಅಕ್ಕ ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ನಮ್ಮ ಸೇವೆಗೆ ಎಷ್ಟು ಸ್ಟಾರ್ ಅಂತ ಕೇಳ್ತಿದೆ ಕಣೋ. ಎಷ್ಟು ಕೊಡ್ಲಿ?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಲಿಫ್ಟ್ ನೆಲ ಮುಟ್ಟುವವರೆಗೂ ಯೋಚಿಸಿ, ಎರಡು ಎಂದೆ.

"ಹೋಗೋ, ಪಾಪ ಯಾರೋ ಕಷ್ಟಪಟ್ಟಿರ್ತಾರೆ," ಎಂದು ಅವಳು ಐದನ್ನೂ ಒತ್ತಿದಳು. ತಕ್ಷಣ ಫೋನ್ ಮತ್ತೊಮ್ಮೆ ಗುನುಗಿತು.