ಇಳಿಸಿದಾಗಲೇ ಮಾಡಿಸಬೇಕಾದದ್ದು

ಸೊಲ್ಲಾಪುರ ರಸ್ತೆಯ ಫೈಜಲನ ಗ್ಯಾರೇಜಿನಲ್ಲಿ ಜೀಪಿನ ಎಂಜಿನ್ ಚೈನ್ ಪುಲ್ಲಿಯಿಂದ ತೂಗಾಡುತ್ತಿತ್ತು. ಕೆಳಗೆ ಹಾಸಿದ ಗೋಣಿಚೀಲದ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಸುವರ್ಣಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಜೀಪಿನ ಖಾಲಿ ಮುಂಭಾಗವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಓಡಾಡಿದ ಗಾಡಿಯೊಳಗೆ ಇಷ್ಟು ದೊಡ್ಡ ಜಾಗವಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಗಂಡ ಹೆಂಡತಿ ಟಿಕೋಟಾದಿಂದ ಬಸ್ಸಿಗೆ ಬಂದಿದ್ದರು. ಸಂಜೆ ಡಾಕ್ಟರರನ್ನು ಕಾಣಬೇಕು, ನಾಳೆ ಆಪರೇಷನ್. ನಡುವೆ ಸ್ವಲ್ಪ ಹೊತ್ತು ಉಳಿದಿತ್ತೆಂದು ರಾಮಲಿಂಗ ಗ್ಯಾರೇಜಿಗೆ ಕರೆತಂದಿದ್ದ.

ಗರ್ಭಚೀಲ ತೆಗೆಸುವುದಕ್ಕೆ ಸುವರ್ಣಾಳ ತಕರಾರಿರಲಿಲ್ಲ. ಗಡ್ಡೆಗಳಾಗಿದ್ದವು. ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತ ಹೋಗಿ, ರೊಟ್ಟಿ ಬಡಿಯುವಾಗಲೇ ಕಣ್ಣಿಗೆ ಕತ್ತಲೆ ಬರುತ್ತಿತ್ತು. ತೀರ್ಮಾನವಾಗದೆ ಉಳಿದಿದ್ದು ಅಂಡಾಶಯಗಳ ಮಾತು. ಡಾಕ್ಟರ್ ವಿಜಯಲಕ್ಷ್ಮೀ ಹೋದ ವಾರ ಬಿಡಿಸಿ ಹೇಳಿದ್ದರು: "ಸ್ಕ್ಯಾನಿಂಗ್‌ನಾಗ ಅವೆರಡೂ ಚೊಲೊ ಕಾಣಸ್ತಾವ. ಬಿಡಬಹುದು, ತಗೀಬಹುದು. ತಗದ್ರ ಮುಟ್ಟು ನಿಂತ ಮ್ಯಾಲಿನ ತ್ರಾಸ ಎಲ್ಲಾ ಒಮ್ಮೆಲೇ ಬರತೈತಿ. ಬಿಟ್ರ ಮುಂದ ಏನರ ಆದೀತನ್ನೂ ಅಂಜಿಕಿ ಸ್ವಲ್ಪ ಇದ್ದ ಇರತೈತಿ. ವಿಚಾರ ಮಾಡಿ ಹೇಳ್ರಿ."

ಸುವರ್ಣಾ ಬಾಯಿ ತೆರೆಯುವಷ್ಟರಲ್ಲಿ, ಜೊತೆಗೆ ಬಂದಿದ್ದ ರಾಮಲಿಂಗನ ಅಕ್ಕ, ಬಬಲೇಶ್ವರದ ಸೌಭಾಗ್ಯ ಮಾತಾಡಿದ್ದಳು. "ಹೊಟ್ಟಿ ಕೊಯ್ದಾಗ ಎಲ್ಲಾ ತಗದಬಿಡ್ರಿ ಬಾಯಿ. ಮತ್ತ ಮತ್ತ ಯಾರ ಕೊಯ್ಸಿಕೋತಾರ?"

ಸುವರ್ಣಾಳಿಗೆ ಆಗ ತನ್ನ ತಾಯಿ ರುದ್ರವ್ವ ನೆನಪಾಗಿದ್ದಳು. ಕನಮಡಿಯ ಮನೆಯ ಹೊಸ್ತಿಲಲ್ಲಿ ಕುಳಿತು ಎದೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದ ರುದ್ರವ್ವ. ಅವಳಿಗೂ ಚಿಕ್ಕ ವಯಸ್ಸಿನಲ್ಲೇ ಎಲ್ಲವನ್ನೂ ತೆಗೆದಿದ್ದರು. ಯಾರು ಹೇಳಿದರು, ಯಾಕೆ ತೆಗೆದರು ಎಂದು ಅವಳಿಗೇ ಗೊತ್ತಿರಲಿಲ್ಲ. "ಒಳಗ ಒಲಿ ಹೊತ್ಸಿ ಹೋಗ್ಯಾರ ನೋಡು" ಎನ್ನುತ್ತಿದ್ದಳು. ಮುಂದೆ ಎಲುಬುಗಳು ಟೊಳ್ಳಾಗಿ, ಅಂಗಳದಲ್ಲಿ ಜಾರಿ ಸೊಂಟ ಮುರಿದು ಮಲಗಿದವಳು ಏಳಲೇ ಇಲ್ಲ. ಆ ಬೇಗೆ ಬರುವುದಿದ್ದರೂ ತನ್ನ ಹೊತ್ತಿಗೆ ತಾನೇ ಬರಲಿ ಎಂಬುದಷ್ಟೇ ಸುವರ್ಣಾಳ ಆಸೆ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಇವತ್ತು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

"ಸಾವ್ಕಾರ್ರ, ಎಂಜಿನ್ ಹ್ಯಾಂಗೂ ಇಳದೈತಿ," ಫೈಜಲ ಕೈ ಒರೆಸಿಕೊಳ್ಳುತ್ತ ಹೇಳಿದ. "ಕ್ಲಚ್ ಪ್ಲೇಟ್ ಹಾಕ್ಸಿಬಿಡ್ರಿ. ಹಿಂದಿನ ಆಯಿಲ್ ಸೀಲ್ ಒಣಗಿ ಬಿರುಸ ಆಗೇತಿ. ಈಗ ಬಿಟ್ರ, ಅದೊಂದರ ಸಲುವಾಗಿ ಮತ್ತ ಇಷ್ಟೂ ಇಳಸಬೇಕಾಗತೈತಿ."

ರಾಮಲಿಂಗ ಕುಕ್ಕರಗಾಲಲ್ಲಿ ಕುಳಿತು ಕ್ಲಚ್ ಪ್ಲೇಟನ್ನು ಕೈಗೆತ್ತಿಕೊಂಡ. ಉಗುರಿನಿಂದ ಕೆರೆದ, ಮೂಸಿ ನೋಡಿದ. "ಇನ್ನಾ ಅರ್ಧ ಐತಲ್ಲೋ."

"ಅರ್ಧ ಐತಂತ ಬಿಟ್ರ ದ್ರಾಕ್ಷಿ ಸುಗ್ಗ್ಯಾಗ ಕೈ ಕೊಡತೈತಿ. ಆವಾಗ ನನ್ನ ಹೆಸರ ಹಿಡದ ಬೈತೀರಿ."

"ಈಗೇನ ಹೊಗಳಾಕತ್ತೇನೇನ ನಿನ್ನ?"

ಫೈಜಲ ನಕ್ಕ. ರಾಮಲಿಂಗ ಎಂಜಿನ್ ಕೂರುವ ರಬ್ಬರುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ನೀರಿನ ಪೈಪನ್ನು ಮಡಚಿ ಬಿರುಕು ಹುಡುಕಿದ. ಇದನ್ನು ಹಾಕು, ಇದು ಇರಲಿ ಎಂದು ಒಂದೊಂದನ್ನೇ ಹೇಳಿದ. ಕೊನೆಗೆ, "ಗಿಯರ್ ಬಾಕ್ಸೂ ಬಿಚ್ಚಿಬಿಡೋ, ಹ್ಯಾಂಗೂ ಕೈಗೆ ಬಂದೈತಿ" ಎಂದ.

"ಸಪ್ಪಳ ಮಾಡತೈತೇನ?"

"ಇಲ್ಲ."

"ಗಿಯರ್ ಜಿಗೀತಾವೇನ?"

"ಅದೂ ಇಲ್ಲ."

"ಮತ್ತ್ಯಾಕ ಬಿಚ್ಚೂದ್ರಿ? ಕಂಪನಿ ಫಿಟಿಂಗ್ ಒಮ್ಮೆ ಬಿಚ್ಚಿದ್ರ ಮತ್ತ ಹಂಗ ಕೂಡಂಗಿಲ್ಲ. ನನಗೇನ, ಕೆಲಸ ಸಿಗತೈತಿ. ತಲಿನೋವ ನಿಮಗ."

ರಾಮಲಿಂಗ ಗಿಯರ್ ಬಾಕ್ಸಿನ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟುತ್ತ ಬಹಳ ಹೊತ್ತು ಯೋಚಿಸಿದ. "ಬಿಡು ಹಂಗಾರ" ಎಂದ.

ಫೈಜಲ ಚಹಾ ಹೇಳಲು ಹೊರಗೆ ಹೋದಾಗ ಸುವರ್ಣಾ ಎದ್ದು ಬಂದಳು.

"ರೀ, ಡಾಕ್ಟರ್‌ಬಾಯಿಗೆ ಏನಂತ ಹೇಳೂದು?"

"ಮುಂಜಾನೆ ಫೋನ್ ಹಚ್ಚಿ ಹೇಳೇನಲ್ಲ. ಎಲ್ಲಾ ತಗೀರಿ ಅಂತ."

ಅವಳು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚದುರಿಹೋದವು. ಮುಂಜಾನೆ ಅವಳು ಒಲೆಯ ಮುಂದೆಯೇ ಇದ್ದಳು. ಗಂಡ ಅಂಗಳದಲ್ಲಿ ಫೋನಿನಲ್ಲಿದ್ದ. ಹತ್ತು ಹೆಜ್ಜೆ ಒಳಗೆ ಬಂದು ಕೇಳಬಹುದಿತ್ತು.

"ನನಗ ಒಂದ ಮಾತ ಕೇಳಲಿಲ್ಲ?"

"ಏನ ಕೇಳೂದು? ನಿನ್ನ ಚೊಲೊಕ್ಕ ಹೇಳೇನಿ."

"ಆ ಗಿಯರ್ ಬಾಕ್ಸ್ ಬಿಡಾಕ ಎಷ್ಟೊತ್ತ ವಿಚಾರ ಮಾಡಿದ್ರಿ. ಅದಕ್ಕ ಬಾಯಿಲ್ಲ. ನನಗ ಐತಲ್ರಿ."

ರಾಮಲಿಂಗ ಸಿಟ್ಟಿನಿಂದ ತಲೆಯೆತ್ತಿದ. ಆದರೆ ಬಾಯಿಂದ ಬಂದದ್ದು ಸಿಟ್ಟಲ್ಲ. "ನಮ್ಮವ್ವಗ ಆದದ್ದು ನೀ ನೋಡಿಲ್ಲೇನ? ಅದ ಅಂಡಾಶಯದ ಕ್ಯಾನ್ಸರ್ ಗಂಟು. ತಿಳಿಯೂದ್ರಾಗ ಎಲ್ಲಾ ಮುಗದಿತ್ತು. ನಮ್ಮ ಮನ್ಯಾಗ ಐತದು, ಸುವರ್ಣಾ." ಕೈಯಲ್ಲಿದ್ದ ಹಳೆಯ ಪ್ಲೇಟನ್ನು ಅವನು ಸುಮ್ಮನೆ ತಿರುವುತ್ತಿದ್ದ.

ಅವಳು ನೋಡಿದ್ದಳು. ಅತ್ತೆ ಮುದುಕವ್ವನ ಉಬ್ಬಿದ ಹೊಟ್ಟೆಗೆ ಎಣ್ಣೆ ಸವರಿದವಳು, ವಾಂತಿಗೆ ಬೋಗುಣಿ ಹಿಡಿದವಳು ಅವಳೇ. ಈ ಮನೆಯ ಜೋಳ, ಈ ಮನೆಯ ದೇವರು, ಈ ಮನೆಯ ಹೆಸರು ಎಲ್ಲವೂ ತನ್ನದಾದ ಹಾಗೆ, ಮನೆಯ ರೋಗವನ್ನೂ ಇವರು ತನ್ನ ಪಾಲಿಗೆ ಬರೆದುಬಿಟ್ಟಿದ್ದಾರೆ. ಒಂದು ಗಳಿಗೆ ಅದು ಪ್ರೀತಿಯಂತೆಯೇ ಅನಿಸಿ ಕಣ್ಣು ತುಂಬಿತು. ಪ್ರೀತಿಯೇ ಇರಬಹುದು. ಆದರೂ ತಪ್ಪು ತಪ್ಪೇ.

"ಅತ್ತಿಯವ್ರು ನಿಮ್ಮನ್ನ ಹಡದಾರ, ನನ್ನನ್ನಲ್ಲ. ನಾ ಕನಮಡಿ ರುದ್ರವ್ವನ ಮಗಳು," ಎಂದಳು ಮೆಲ್ಲಗೆ. "ಅತ್ತಿ ಹೊಟ್ಟ್ಯಾಗ ಹುಟ್ಟಿದ ಹೆಣ್ಮಗಳು ಬಬಲೇಶ್ವರದಾಗ ಅದಾರ. ಅವ್ರ ಬಗ್ಗೆ ವಿಚಾರ ಮಾಡೀರೇನು?"

ರಾಮಲಿಂಗನ ಕೈ ನಿಂತಿತು. ಫೈಜಲ ತಂದ ಚಹಾ ಅವನ ಕೈಯಲ್ಲೇ ಆರಿತು.

ಸಂಜೆ ಡಾಕ್ಟರ್ ಎಲ್ಲವನ್ನೂ ಕೇಳಿಸಿಕೊಂಡರು. "ಅತ್ತಿದು ಸೊಸಿಗೆ ಬರೂದಿಲ್ರಿ. ಹಡದ ಮಗಳಿದ್ರ ಒಮ್ಮೆ ಬಂದು ತೋರಿಸ್ಕೊಳ್ಳಲಿ. ಐತಿ ಅಂತಲ್ಲ, ನೋಡೂದು ಚೊಲೊ." ಆಮೇಲೆ ರಾಮಲಿಂಗನ ಕಡೆ ತಿರುಗಿದರು. "ಹಂಗಾರ ಮುಂಜಾನೆ ಹೇಳಿದ್ದು?"

"ಆಕಿಗೆ ಕೇಳ್ರಿ," ಎಂದ ರಾಮಲಿಂಗ.

ಸುವರ್ಣಾ ಸೆರಗು ಸರಿಮಾಡಿಕೊಂಡಳು. "ಚೀಲ ತಗೀರಿ. ಅವೆರಡು ಚೊಲೊ ಇದ್ರ ಬಿಡ್ರಿ. ಕೊಯ್ದು ನೋಡಿದಾಗ ಕೆಟ್ಟಿದ್ರ ಅಷ್ಟ ತಗೀರಿ. ಮುಂದ ಏನಾದ್ರೂ, ಅದು ನಾನ ಆರಿಸಿಕೊಂಡದ್ದು ಅಂತ ನನಗ ಗೊತ್ತಿರತೈತಿ."

ಹೊರಗೆ ಬಂದು ರಾಮಲಿಂಗ ಬಬಲೇಶ್ವರಕ್ಕೆ ಫೋನ್ ಹಚ್ಚಿದ. "ಅಕ್ಕಾ" ಎಂದವನಿಗೆ ಮುಂದಿನ ಮಾತು ಬರಲಿಲ್ಲ. ಸೌಭಾಗ್ಯಳ ಗಟ್ಟಿ ಧ್ವನಿ ಪಕ್ಕದಲ್ಲಿದ್ದ ಸುವರ್ಣಾಳಿಗೂ ಕೇಳುತ್ತಿತ್ತು: "ಎಲ್ಲಾ ತಗಿಯಾಕ ಹೇಳಿದ್ಯೋ ಇಲ್ಲೋ? ಯಾಕೋ, ಬಾಯಾಗ ಏನ ಇಟ್ಕೊಂಡಿ?"

ಅವನು ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

"ಅಕ್ಕಾರ, ನಾಳೆ ಆಸ್ಪತ್ರಿಗೆ ಬರ್ತೀರಲ್ಲ? ಸ್ವಲ್ಪ ಲಗೂನ ಬರ್ರಿ."

"ಯಾಕ ಬೇ? ಏನ ಹೇಳೂದಿತ್ತು?"

ಸುವರ್ಣಾ ಗಂಡನ ಮುಖ ನೋಡಿದಳು. ಆಮೇಲೆ, "ಹೇಳೂದಲ್ರಿ," ಎಂದಳು. "ನಿಮಗ ಒಂದು ಕೇಳೂದೈತಿ."